ಕಪ್ಪು ಹಿಮದ ವಿಡಿಯೊ ಮತ್ತು ನಮ್ಮ ತೋಟದ ಹುಳಿ ಮಣ್ಣು

ಅಣ್ಣ, ನೀವು ಕೇಳಿದ್ದು ಎರಡು. ಸೈಬೀರಿಯಾದಲ್ಲಿ ಕಪ್ಪು ಹಿಮ ಬಿದ್ದ ವಿಡಿಯೊ ನಿಜವಾ? ಸೋಮವಾರಪೇಟೆಯ ನಿಮ್ಮ ಕಾಫಿ ತೋಟದ ಮಣ್ಣಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.8ಕ್ಕೆ ಇಳಿದಿರುವುದಕ್ಕೂ ಫ್ಯಾಕ್ಟರಿ ಹೊಗೆಯೇ ಕಾರಣವಾ?

ವಿಡಿಯೊ ನಿಜ. 2019ರ ಫೆಬ್ರವರಿಯಲ್ಲಿ ಸೈಬೀರಿಯಾದ ಕುಜ್‌ಬಾಸ್ ಪ್ರದೇಶದ ಕಲ್ಲಿದ್ದಲು ಗಣಿ ಊರುಗಳಲ್ಲಿ ಹಾಗಾಗಿತ್ತು. ಅಂಥ ಕಡೆ ಹಿಮ ತಿಂಗಳುಗಟ್ಟಲೆ ಕರಗುವುದಿಲ್ಲ. ಹೊಗೆಯ ಮಸಿ, ಆಮ್ಲ, ಸೀಸ, ಪಾದರಸ ಪದರ ಪದರವಾಗಿ ಸೇರುತ್ತಾ ಹೋಗುತ್ತವೆ. ಸೇರಿದ್ದು ಸುಮ್ನೆ ಕೂರುವುದಿಲ್ಲ. ಬಿಸಿಲಿಗೆ ಪಾದರಸದ ಒಂದು ಪಾಲು ಆವಿಯಾಗಿ ಮತ್ತೆ ಗಾಳಿಗೆ ಹೋಗುತ್ತದೆ. ಆಮ್ಲ ಹಿಮದ ಹರಳಿನ ಹೊರಮೈಗೆ ಬಂದು ಕೂರುತ್ತದೆ. ಹಾಗಾಗಿ ಕರಗುವಾಗ ಮೊದಲು ಹರಿಯುವ ನೀರೇ ಎಲ್ಲಕ್ಕಿಂತ ಹುಳಿ. ಮೂರನೇ ಒಂದು ಪಾಲು ಹಿಮ ಕರಗುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಆಮ್ಲ ಇಳಿದಿರುತ್ತದೆ. ನಾರ್ವೆಯ ಹೊಳೆಗಳಲ್ಲಿ ಹಿಮ ಕರಗುವ ಕಾಲಕ್ಕೆ ಮೀನು ಸತ್ತದ್ದು ಹೀಗೆ.

ನಮ್ಮಲ್ಲಿ ಹಿಮದ ಜಾಗದಲ್ಲಿರುವುದು ಡಿಸೆಂಬರ್‌ನಿಂದ ಕಾಫಿ ಹೂ ಅರಳಿಸುವ ಹೂಮಳೆವರೆಗಿನ ಒಣ ತಿಂಗಳುಗಳು. ಧೂಳು, ಹೊಗೆ ಎಲೆ ಮೇಲೆ, ಮಾಡಿನ ಮೇಲೆ ಕೂತಿರುತ್ತವೆ. ಮೊದಲ ಮಳೆ ಅದನ್ನೆಲ್ಲ ತೊಳೆಯುತ್ತದೆ. ಮಾಡಿನ ನೀರು ಟ್ಯಾಂಕಿಗೆ ಹಿಡಿಯುವವರು ಆ ನೀರನ್ನು ಹೊರಗೆ ಬಿಡಿ. ಜೂನ್ ಮೇಲೆ ಗಾಳಿ ಸಮುದ್ರದ ಕಡೆಯಿಂದ ಬರುತ್ತದೆ, ಮಳೆಯೂ ಧಾರಾಳ, ಅಷ್ಟು ಚಿಂತೆ ಬೇಡ. ಅಂದಹಾಗೆ, ಮರದ ಮೇಲೆ ಗಡ್ಡದ ಹಾಗೆ ಇಳಿಬಿದ್ದ ಕಲ್ಲುಹೂವು ಚೆನ್ನಾಗಿದೆಯಾ ನೋಡಿ. ಗಂಧಕದ ಹೊಗೆ ಇರುವ ಕಡೆ ಮೊದಲು ಸಾಯುವುದು ಅದೇ.

ಇನ್ನು ನಿಮ್ಮ 4.8. ನನ್ನ ಪ್ರಕಾರ ಕಾರಣ ಆಕಾಶದಲ್ಲಿಲ್ಲ, ಗೊಬ್ಬರದ ಕೋಣೆಯಲ್ಲಿದೆ. ನಮ್ಮ ಮಳೆ ಮೊದಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದು ಕೆಳಗೆ ಒಯ್ಯುತ್ತದೆ. ಅದರ ಮೇಲೆ ನಾವು ಹಾಕುವ ಗೊಬ್ಬರ. ಅಮೋನಿಯಂ ಸಲ್ಫೇಟ್ ಮೂಲಕ 1 ಕೆಜಿ ಸಾರಜನಕ ಕೊಟ್ಟರೆ ಅದರ ಹುಳಿ ತೆಗೆಯಲು ಸುಮಾರು 5 ಕೆಜಿ ಸುಣ್ಣದಕಲ್ಲಿನ ಪುಡಿ ಬೇಕು. ಯೂರಿಯಾಕ್ಕೆ 2 ಕೆಜಿ ಒಳಗೆ ಸಾಕು. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಸುಡುತ್ತದೆ.

ಹೊಗೆಯಿಂದ ಬೀಳುವ ಸೀಸ, ತಾಮ್ರ ಮಣ್ಣಿನ ಮೇಲಿನ ಪದರದಲ್ಲೇ, ಕೊಳೆತ ದರಗಿಗೆ ಅಂಟಿ ದಶಕಗಳ ಕಾಲ ಉಳಿಯುತ್ತವೆ. ಈಗ ಯೋಚಿಸಿ, ಕಾಫಿಗೂ ಮೆಣಸಿಗೂ ವರ್ಷ ವರ್ಷ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುತ್ತೇವಲ್ವಾ? ಆ ಮೈಲುತುತ್ತದ ತಾಮ್ರವೂ ಅಲ್ಲೇ ಕೂರುತ್ತದೆ, ಮಣ್ಣು ಹುಳಿಯಾದಷ್ಟೂ ಸಡಿಲವಾಗಿ ಬೇರಿಗೆ ಸಿಗುತ್ತದೆ. ಬೋರ್ಡೋ ಬಿಡಿ ಅನ್ನುತ್ತಿಲ್ಲ, ಕೊಳೆರೋಗಕ್ಕೆ ಅದು ಬೇಕೇ ಬೇಕು. ಆದರೆ ಸುಣ್ಣ ಹಾಕಿ ಪಿಎಚ್ ಸರಿ ಮಾಡಿದರೆ ತಾಮ್ರವೂ ಹಿಡಿತಕ್ಕೆ ಬರುತ್ತದೆ.

ಗೊಬ್ಬರ ಹಾಕಿ ಎರಡು ಮೂರು ತಿಂಗಳಾದ ಮೇಲೆ ಮಣ್ಣು ತೆಗೆಯಿರಿ. ದರಗು ಸರಿಸಿ, 15-20 ಕಡೆ 9 ಇಂಚು ಆಳಕ್ಕೆ ತೆಗೆದು ಬೆರೆಸಿ ಅರ್ಧ ಕೆಜಿ ಉಳಿಸಿಕೊಳ್ಳಿ. ತಾಮ್ರಕ್ಕೆ ಮೇಲಿನ 2-3 ಇಂಚಿನದ್ದು ಬೇರೆ ಪೊಟ್ಟಣ ಮಾಡಿ, 9 ಇಂಚಿನಲ್ಲಿ ಬೆರೆತರೆ ಕಡಿಮೆ ತೋರಿಸುತ್ತದೆ. ಪರೀಕ್ಷೆಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ. ಸುಣ್ಣ, ಯೂರಿಯಾ ಒಟ್ಟಿಗೆ ಮಾತ್ರ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ನಡುವೆ ಒಂದು ತಿಂಗಳು ಬಿಡಿ.

ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ. ಕಳೆದ ಮೂರು ವರ್ಷ ಯಾವ ಗೊಬ್ಬರ ಎಷ್ಟು ಮೂಟೆ ಹಾಕಿದ್ದೀರಿ ಅನ್ನುವುದನ್ನೂ ಬರೆಯಿರಿ.