ಮೆಸ್ಸಿ ಸಹಿಯ ಜೆರ್ಸಿ 12,000 ರೂಪಾಯಿಗೆ ಸಿಗುತ್ತಿದೆ, ಮಗನ ಸಂಗ್ರಹಕ್ಕೆ ಕೊಳ್ಳಬಹುದಾ?

ಕಾಸರಗೋಡಿನ ಬದಿಯಡ್ಕದಿಂದ ಕೇಳಿದ್ದೀರಿ. ಮಗ ಎಂಟನೇ ಕ್ಲಾಸು, ಫುಟ್‌ಬಾಲ್ ಅಂದರೆ ಪ್ರಾಣ. ಆನ್‌ಲೈನಿನಲ್ಲಿ ಅರ್ಜೆಂಟೀನಾದ ಜೆರ್ಸಿ, ಅದರ ಮೇಲೆ ಮೆಸ್ಸಿಯ ಸಹಿ, ಜೊತೆಗೊಂದು ಪ್ರಮಾಣಪತ್ರ, ಎಲ್ಲ ಸೇರಿ 12,000. ಇದರಿಂದಲೇ ಅವನ ಸಂಗ್ರಹ ಶುರು ಮಾಡಿಸಬಹುದಾ, ಇಲ್ಲವಾದರೆ ಎಲ್ಲಿಂದ ಶುರು ಮಾಡಬೇಕು ಎಂದು ನಿಮ್ಮ ಪ್ರಶ್ನೆ.

ಅದನ್ನು ಕೊಳ್ಳಬೇಡಿ. ಅದಕ್ಕಿಂತ ಒಳ್ಳೆಯ ವಸ್ತುಗಳು ನಿಮ್ಮ ಸುತ್ತಮುತ್ತಲೇ ಇವೆ, ಹೆಚ್ಚಿನವು ಪುಕ್ಕಟೆ ಸಿಗುತ್ತವೆ. ಈಗ ಯಾರಾದರೂ ಎತ್ತಿಡದಿದ್ದರೆ ಅವು ಉಳಿಯುವುದೂ ಇಲ್ಲ. ನನ್ನ ಕಳಕಳಿ ಇರುವುದು ಅಲ್ಲೇ.

ನಾನು ಕುಂಬಳೆ ಕಡೆಯವನು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಸೆವೆನ್ಸ್, ಅಂದರೆ ಏಳು ಜನರ ಫುಟ್‌ಬಾಲ್ ಟೂರ್ನಮೆಂಟಿನ ನೋಟಿಸು, ಟಿಕೆಟು, ಪಾಸುಗಳನ್ನು ಕೂಡಿಡುತ್ತಾ ಬಂದಿದ್ದೇನೆ. ಹಾಗಾಗಿ ಸಹಿ ಮತ್ತು ಕಾಗದದ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬಲ್ಲೆ.

ಮೊದಲು ಆ ಜೆರ್ಸಿಯ ವಿಷಯ. ಪ್ರಮಾಣಪತ್ರ ಎಂದರೆ ಒಂದು ಹಾಳೆ. ಹೊಳೆಯುವ ಹೋಲೋಗ್ರಾಮ್ ಸ್ಟಿಕರ್ ಸಮೇತ ಅಂಥದ್ದನ್ನು ಯಾವ ಪ್ರೆಸ್ಸಿನಲ್ಲಿ ಬೇಕಾದರೂ ಒಂದೇ ದಿನದಲ್ಲಿ ಮಾಡಿಸಬಹುದು. ಕೇಳಬೇಕಾದದ್ದು ಬೇರೆ. ಯಾರ ಎದುರಿಗೆ ಸಹಿ ಹಾಕಿದರು? ಯಾವಾಗ, ಎಲ್ಲಿ? ಅಲ್ಲಿಂದ ಇವರ ಕೈಗೆ ಹೇಗೆ ಬಂತು? ಇದಕ್ಕೆ ಉತ್ತರ ಇಲ್ಲದಿದ್ದರೆ ಅದು ಬರೀ ಬಟ್ಟೆ. ಸಹಿಯೇ ಇಲ್ಲದ ಅಸಲಿ ಕಂಪನಿ ಜೆರ್ಸಿಗೂ ಸಾವಿರಾರು ರೂಪಾಯಿ ಇದೆ. ಹಾಗಿರುವಾಗ ಮೆಸ್ಸಿಯ ಸಹಿಗೆ ಇವರು ಹಾಕಿದ ಬೆಲೆ ಎಷ್ಟಾಯಿತು ಎಂದು ನೀವೇ ಲೆಕ್ಕ ಹಾಕಿ. 2022ರ ವಿಶ್ವಕಪ್‌ನಲ್ಲಿ ಮೆಸ್ಸಿ ತೊಟ್ಟಿದ್ದ ಆರು ಜೆರ್ಸಿಗಳು 2023ರ ಡಿಸೆಂಬರಿನಲ್ಲಿ ಹರಾಜಿಗೆ ಬಂದಾಗ 78 ಲಕ್ಷ ಡಾಲರಿಗೆ ಹೋದವು.

ಎಲ್ಲಾದರೂ ಜೆರ್ಸಿ ಕೈಗೆ ಸಿಕ್ಕಿದರೆ ಎರಡು ಕಡೆ ನೋಡಿ. ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮಾರ್ಕರ್ ಪೆನ್ನಿನ ಶಾಯಿ ನೂಲಿನ ಒಳಗೆ ಇಳಿದಿರುತ್ತದೆ, ಪೆನ್ನು ನಿಂತ ಜಾಗದಲ್ಲಿ ದಪ್ಪ, ಎಳೆದ ಜಾಗದಲ್ಲಿ ತೆಳು. ಅಚ್ಚು ಹಾಕಿದ ಸಹಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇರುತ್ತದೆ. ಆಮೇಲೆ ಒಳಗಿನ ಚಿಕ್ಕ ಲೇಬಲ್ ನೋಡಿ. ಅದರಲ್ಲಿ ಕಂಪನಿಯ ಕೋಡ್ ಇರುತ್ತದೆ. ಅದನ್ನು ಹುಡುಕಿದರೆ ಅದೇ ಜೆರ್ಸಿಯ ಚಿತ್ರ ಬರಬೇಕು. ನಕಲಿ ಮಾಡುವವರು ಒಂದೇ ಕೋಡನ್ನು ಹತ್ತು ತಂಡಗಳ ಜೆರ್ಸಿಗೆ ಹಾಕುವುದುಂಟು. ಹುಡುಕುವಾಗ ಅಮೆರಿಕದ ಸೈಟುಗಳಲ್ಲಿ ‘ಸಾಕರ್’ ಎಂದು ಕೊಡಿ. ಬರೀ ಫುಟ್‌ಬಾಲ್ ಎಂದರೆ ಅಲ್ಲಿ ಬರುವುದು ಹೆಲ್ಮೆಟ್ ಹಾಕಿ ಆಡುವ ಬೇರೆಯೇ ಆಟ.

ವಸ್ತುವಿನ ಹಿಂದಿನ ದಾರಿ ಗೊತ್ತಿರುವುದು ಎಷ್ಟು ಮುಖ್ಯ ಎನ್ನುವುದಕ್ಕೆ ಅರ್ಜೆಂಟೀನಾದ ಮರಡೋನಾನ ಜೆರ್ಸಿಯ ಕಥೆಯನ್ನು ಮಗನಿಗೆ ಹೇಳಿ. 1986ರ ವಿಶ್ವಕಪ್, ಜೂನ್ 22, ಮೆಕ್ಸಿಕೋ ಸಿಟಿಯ ಅಜ್ಟೆಕಾ ಸ್ಟೇಡಿಯಂ. ಇಂಗ್ಲೆಂಡಿನ ಮೇಲೆ ಮರಡೋನಾ ಎರಡು ಗೋಲು ಹೊಡೆದ. ಒಂದು ಕೈಯಿಂದ, ಇನ್ನೊಂದು ತನ್ನ ಅರ್ಧದಿಂದ ಚೆಂಡು ಹಿಡಿದು ಇಡೀ ಇಂಗ್ಲೆಂಡನ್ನು ದಾಟಿಕೊಂಡು ಹೋಗಿ. ಆ ಓಟದಲ್ಲಿ ಚೆಂಡನ್ನು ಮುಟ್ಟಿದ್ದು 11 ಸಲ, ಹನ್ನೊಂದೂ ಎಡಗಾಲಲ್ಲಿ. ಆಟ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಜ್ ಅವನ ಜೊತೆ ಜೆರ್ಸಿ ಬದಲಾಯಿಸಿಕೊಂಡ. ಅದು ಹಲವು ವರ್ಷ ಇಂಗ್ಲೆಂಡಿನ ನ್ಯಾಷನಲ್ ಫುಟ್‌ಬಾಲ್ ಮ್ಯೂಸಿಯಮ್ಮಿನಲ್ಲಿ ಇತ್ತು. 2022ರ ಮೇ ತಿಂಗಳಲ್ಲಿ 71 ಲಕ್ಷ ಪೌಂಡಿಗೆ ಮಾರಾಟವಾಯಿತು.

ಆದರೆ ಹರಾಜಿನ ಮೊದಲು ಮರಡೋನಾನ ಮನೆಯವರು ತಕರಾರು ತೆಗೆದರು. ಇದು ಮೊದಲರ್ಧದಲ್ಲಿ ತೊಟ್ಟದ್ದು, ಎರಡು ಗೋಲು ಬಂದದ್ದು ಎರಡನೇ ಅರ್ಧದಲ್ಲಿ ಎಂದರು. ಆಗ ಹರಾಜಿನವರು ಅಂದಿನ ಫೋಟೋಗಳ ಜೊತೆ ಜೆರ್ಸಿಯನ್ನು ಇಂಚಿಂಚೂ ತಾಳೆ ನೋಡಿಸಿದರು. ತಾಳೆ ನೋಡಲು ಸಾಧ್ಯವಾದದ್ದು ಒಂದು ಕಾರಣಕ್ಕೆ. ಮೆಕ್ಸಿಕೋದ ಸೆಕೆಗೆ ಅರ್ಜೆಂಟೀನಾದವರ ನೀಲಿ ಜೆರ್ಸಿ ಭಾರವಾಯಿತೆಂದು ಪಂದ್ಯಕ್ಕೆ ಸ್ವಲ್ಪ ಮೊದಲು ಅಲ್ಲಿನ ಅಂಗಡಿಯಿಂದಲೇ ತೆಳು ಜೆರ್ಸಿ ತಂದಿದ್ದರು. ಬ್ಯಾಡ್ಜು, ನಂಬರುಗಳನ್ನು ಗಡಿಬಿಡಿಯಲ್ಲಿ ಹಾಕಿಸಿದ್ದರು. ಹಾಗಾಗಿ ಒಂದರ ಹಾಗೆ ಇನ್ನೊಂದು ಇರಲಿಲ್ಲ. ಆ ಸಣ್ಣ ಸಣ್ಣ ವ್ಯತ್ಯಾಸಗಳೇ ಸಾಕ್ಷಿಯಾದವು.

ಅಷ್ಟು ದೊಡ್ಡ ವಸ್ತುವಿಗೇ ಇಷ್ಟು ಪರದಾಟ. ನಮ್ಮ ಊರಿನ ವಸ್ತುವಿಗಾದರೆ ಹಾಗಿಲ್ಲ, ಕೇಳಲು ಜನ ಎದುರಿಗೇ ಇದ್ದಾರೆ. ಗೋಲಿ ಯಾರು, ರೆಫ್ರಿ ಯಾರು, ಗ್ಯಾಲರಿ ಕಟ್ಟಿದ್ದು ಯಾರು, ಎಲ್ಲ ಹೇಳುವವರು ಸಿಗುತ್ತಾರೆ. ಇವತ್ತು ಸಿಗುತ್ತಾರೆ ಎನ್ನುವುದನ್ನು ನೆನಪಿಡಿ.

ಕಾಸರಗೋಡು ಸುಮ್ನೆ ಫುಟ್‌ಬಾಲ್ ನೋಡುವ ಊರಲ್ಲ, ಆಡುವ ಊರು. ಮೊಗ್ರಾಲಿನವರಿಗೆ ಮಾಪ್ಪಿಳೆ ಪಾಟು, ಅಂದರೆ ಮಾಪ್ಪಿಳೆ ಮುಸ್ಲಿಮರ ಹಾಡು, ಎಷ್ಟೋ ಫುಟ್‌ಬಾಲೂ ಅಷ್ಟೇ. ತೆಂಕಣ ತುದಿಯ ತೃಕ್ಕರಿಪುರದಿಂದ ಮೊಹಮ್ಮದ್ ರಫಿ ಭಾರತ ತಂಡಕ್ಕೆ ಹೋದರು. 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಹೊಡೆದ ಗೋಲು ಅವರದ್ದೇ, ಕಾರ್ನರಿನಿಂದ ಬಂದ ಚೆಂಡಿಗೆ ಹೆಡ್ಡರ್. ಪೆನಾಲ್ಟಿಯಲ್ಲಿ ಪಂದ್ಯ ಕೋಲ್ಕತ್ತಾ ಪಾಲಾಯಿತು. ಆದರೂ ಆ ಹೆಡ್ಡರನ್ನು ಮಗನಿಗೆ ಮತ್ತೆ ಮತ್ತೆ ತೋರಿಸಿ. ಚೆಂಡು ಬರುವ ಮೊದಲೇ ಅವರು ಜಾಗ ನೋಡಿಟ್ಟದ್ದು ಕಾಣುತ್ತದೆ.

ಇನ್ನು ಸೆವೆನ್ಸ್. ತಂಡಕ್ಕೆ ಏಳೇ ಜನ, ಮೈದಾನ ಚಿಕ್ಕದು, ಆಫ್‌ಸೈಡ್ ಇಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಅಡಕೆ ಮರ ಕಡಿದು ಗ್ಯಾಲರಿ ಕಟ್ಟಿ, ಲೈಟು ಹಾಕಿ ಆಡಿಸುವ ಆಟ. ಜಾಗ ಇಲ್ಲದ್ದರಿಂದ ಮೊದಲ ಮುಟ್ಟಿನಲ್ಲೇ ಚೆಂಡು ಹತೋಟಿಗೆ ಬರಬೇಕು. ಒಂದು ಗೇಣು ದೂರ ಹೋದರೆ ಎದುರಾಳಿಯ ಪಾಲು. ಅಂಗಾಲಿನಲ್ಲಿ ಚೆಂಡು ಒತ್ತಿ ಹಿಡಿಯುವುದು, ಹಿಂದಕ್ಕೆ ಎಳೆದು ತಿರುಗುವುದು, ಎರಡು ಕಾಲಿನಲ್ಲೂ ಹೊಡೆಯುವುದು, ಇವೆಲ್ಲ ಇಲ್ಲಿ ಬೇಗ ಕಲಿಯುತ್ತಾರೆ. ಉದ್ದದ ಪಾಸು, ಓಡಿ ಜಾಗ ಮಾಡಿಕೊಳ್ಳುವುದು ಹನ್ನೊಂದು ಜನರ ಆಟದಲ್ಲೇ ಬರಬೇಕು. ಮಗ ಎರಡನ್ನೂ ಆಡಲಿ. ಆಟ ಗೊತ್ತಿರುವ ಹುಡುಗನಿಗೆ ಏನನ್ನು ಎತ್ತಿಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಸೆವೆನ್ಸಿನ ಕಾಗದಗಳನ್ನೇ ಹಿಡಿಯಿರಿ. ಬಣ್ಣದ ಕಾಗದದ ನೋಟಿಸು, ನಂಬರು ಹಾಕಿದ ಗ್ಯಾಲರಿ ಟಿಕೆಟು, ಸೀಸನ್ ಪಾಸು, ಚಂದಾ ರಶೀದಿ. ಆಟ ಮುಗಿದ ಮರುದಿನ ಇವು ಗದ್ದೆಯಲ್ಲಿ ಬಿದ್ದಿರುತ್ತವೆ. ಹಳೆಯವು ಕ್ಲಬ್ಬಿನ ಅಟ್ಟದಲ್ಲಿ, ಹೋಟೆಲಿನ ಗೋಡೆಯಲ್ಲಿ, ಗಲ್ಫಿಗೆ ಹೋದವರ ಪೆಟ್ಟಿಗೆಯ ತಳದಲ್ಲಿ ಸಿಗುತ್ತವೆ. ಮಂಜೇಶ್ವರ, ಉಪ್ಪಳ ಕಡೆಯದ್ದಾದರೆ ಮಲಯಾಳ, ಕನ್ನಡ ಎರಡೂ ಒಂದೇ ಹಾಳೆಯಲ್ಲಿ ಇರುವುದೂ ಉಂಟು. ಅಂಥದ್ದು ಬೇರೆಲ್ಲೂ ಹುಟ್ಟುವುದಿಲ್ಲ, ನನಗಂತೂ ಮೆಸ್ಸಿ ಸಹಿಗಿಂತ ಅದೇ ದೊಡ್ಡದು.

ಇವುಗಳಲ್ಲಿ ಒಂದು ತೊಂದರೆ ಇದೆ. ತಾರೀಕು, ವಾರ ಹಾಕುತ್ತಾರೆ, ಎಷ್ಟೋ ಸಲ ಇಸವಿ ಹಾಕುವುದಿಲ್ಲ. ಅದನ್ನು ಕಂಡುಹಿಡಿಯುವುದು ನನಗೆ ಬಹಳ ಇಷ್ಟದ ಕೆಲಸ, ನಿಮ್ಮ ಮಗನಿಗೂ ಹಿಡಿಸಬಹುದು. ಮೊದಲು ಜಿಲ್ಲೆಯ ಹೆಸರು ನೋಡಿ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು. ಕಣ್ಣೂರು ಜಿಲ್ಲೆ ಎಂದಿದ್ದರೆ ಅದಕ್ಕಿಂತ ಹಳೆಯದು. ದಕ್ಷಿಣ ಕನ್ನಡ ಎಂದಿದ್ದರೆ 1956ರ ನವೆಂಬರ್ 1ಕ್ಕೂ ಮೊದಲಿನದು, ನಾವು ಕೇರಳಕ್ಕೆ ಸೇರುವ ಮುಂಚಿನದು. ಆಮೇಲೆ ಟಿಕೆಟಿನ ದರ. ಆಣೆಯಲ್ಲಿದ್ದರೆ ಬಹುತೇಕ 1957ರ ಏಪ್ರಿಲಿಗೆ ಮೊದಲು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವೆ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಕಾಗದದ ಹಿಂಬದಿಯನ್ನು ಬೆರಳಿನಲ್ಲಿ ಸವರಿ ನೋಡಿ. ಅಚ್ಚುಮೊಳೆ ಜೋಡಿಸಿ ಟ್ರೆಡಲ್ ಮೆಷಿನ್ನಿನಲ್ಲಿ ಒತ್ತಿದ್ದಾದರೆ ಅಕ್ಷರದ ಉಬ್ಬು ತಾಗುತ್ತದೆ. ಆಫ್‌ಸೆಟ್ಟಿನದ್ದು ನುಣ್ಣಗೆ ಇರುತ್ತದೆ.

ಇಷ್ಟಾದ ಮೇಲೆ ವಾರ ಮತ್ತು ತಾರೀಕು ಕೆಲಸಕ್ಕೆ ಬರುತ್ತವೆ. ಉದಾಹರಣೆಗೆ ನೋಟಿಸಿನಲ್ಲಿ ‘ಜನವರಿ 26, ಆದಿತ್ಯವಾರ’ ಎಂದು ಇದೆ ಅಂದುಕೊಳ್ಳಿ. ಕೇರಳ ಆದ ಮೇಲೆ ಆ ದಿನ ಆದಿತ್ಯವಾರ ಬಂದದ್ದು 1958, 1964, 1969, 1975, 1986, ಹೀಗೆ. ಪಿನ್ ಕೋಡ್ ಇದೆ, ಹಾಗಾದರೆ ಮೊದಲ ಮೂರು ಹೋದವು. ಕಣ್ಣೂರು ಜಿಲ್ಲೆ ಎಂದಿದೆ, 1986 ಮತ್ತು ಮುಂದಿನವೂ ಹೋದವು. ಉಳಿದದ್ದು 1975 ಒಂದೇ. ಆ ವರ್ಷ ಆಡಿದವರಿಗೆ ಈಗ ಎಪ್ಪತ್ತು ದಾಟಿರುತ್ತದೆ. ಹಾಳೆಯನ್ನು ಅವರ ಮುಂದೆ ಹಿಡಿದು ನೋಡಿ, ಏಳೂ ಜನರ ಹೆಸರು ಬಾಯಲ್ಲಿ ಬರುತ್ತದೆ. ಅವರು ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹೇಳಿದ ದಿನವನ್ನೂ ಬರೆದಿಡಿ. ನೋಟಿಸಿನ ಮೇಲೆ ಮಾತ್ರ ಪೆನ್ನು ತಾಗಿಸಬೇಡಿ. ಬೇರೆ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದು ಜೊತೆಗಿಡಿ.

ಕಾಪಾಡುವುದು ನಮ್ಮ ಕಡೆ ದೊಡ್ಡ ಕೆಲಸ, ಏಕೆಂದರೆ ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಬಿಸಿಗೆ ಅಂಟು ಕಾಗದದೊಳಗೆ ಸೇರಿದರೆ ಮತ್ತೆ ಬಿಡಿಸಲು ಆಗುವುದಿಲ್ಲ. ಅಂಗಡಿಯ ಮೆತ್ತನೆ ಪಿವಿಸಿ ಫೋಲ್ಡರೂ ಬೇಡ, ಸ್ವಲ್ಪ ಕಾಲದಲ್ಲಿ ಅಕ್ಷರಗಳು ಅದಕ್ಕೇ ಅಂಟುತ್ತವೆ. ಪಾಲಿಯೆಸ್ಟರ್ ಲಕೋಟೆ ಕೇಳಿ ತರಿಸಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ತಿಂಗಳಿಗೊಮ್ಮೆ ತೆರೆದು ನೋಡಿ. ಡಬ್ಬ ನೆಲದ ಮೇಲೂ ಬೇಡ, ಗೋಡೆಗೆ ತಾಗಿಸಿಯೂ ಬೇಡ, ಗೆದ್ದಲು ಅಲ್ಲಿಂದಲೇ ಹತ್ತುತ್ತದೆ. ಈಗಿನ ಪಂದ್ಯಗಳ ಟಿಕೆಟು ಬಸ್ ಟಿಕೆಟಿನಂತೆ ಥರ್ಮಲ್ ಕಾಗದದ್ದಾದರೆ ಬಂದ ದಿನವೇ ಸ್ಕ್ಯಾನ್ ಮಾಡಿ, ಅದರ ಅಕ್ಷರ ಮಾಸಿಯೇ ಮಾಸುತ್ತದೆ.

ಜೆರ್ಸಿಯಾದರೆ ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ನಂಬರಿನ ಮೇಲೆ ಇಸ್ತ್ರಿ ಬೇಡ. ಆದರೆ ಯಾರೋ ಆಡಿದ ಜೆರ್ಸಿ ಕೊಟ್ಟರೆ ಅದರ ಮಣ್ಣಿನ ಕಲೆ ತೆಗೆಯಬೇಡಿ. ಆ ಕಲೆಯೂ ಸಾಕ್ಷಿಯೇ. ಲೇಸು ಕಟ್ಟುವ ಹಳೆ ಚರ್ಮದ ಚೆಂಡು ಸಿಕ್ಕಿದರೆ ನಿಮ್ಮ ಪುಣ್ಯ. ವಿಶ್ವಕಪ್‌ನಲ್ಲೇ ಪೂರ್ತಿ ಸಿಂಥೆಟಿಕ್ ಚೆಂಡು ಬಂದದ್ದು 1986ರಲ್ಲಿ. ಅದಕ್ಕೂ ಮೊದಲಿನ ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು, ಹೆಡ್ ಮಾಡಿದರೆ ಲೇಸು ಹಣೆಗೆ ತರಚುತ್ತಿತ್ತು. ಅದಕ್ಕೆ ಪೂರ್ತಿ ಗಾಳಿ ತುಂಬಬೇಡಿ, ಹೊಲಿಗೆ ಬಿಡುತ್ತದೆ. ಆಕಾರ ನಿಲ್ಲುವಷ್ಟು ಸಾಕು.

ಯಾವ ತಂಡದ್ದು ಕೂಡಿಸಬೇಕು ಎಂದೂ ಕೇಳಿದ್ದೀರಿ. ಗಡಿಯವರು ನಾವು, ಎರಡು ಕಡೆಯದ್ದೂ ಇರಲಿ. 2022ರ ಏಪ್ರಿಲ್ 28ರಂದು ಮಂಜೇರಿಯಲ್ಲಿ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಸೆಮಿಫೈನಲ್ ಆಯಿತು. ಕೇರಳ 7, ಕರ್ನಾಟಕ 3. ಬದಲಿ ಆಟಗಾರನಾಗಿ ಬಂದ ಜೆಸಿನ್ ಒಬ್ಬರೇ ಐದು ಗೋಲು ಹೊಡೆದರು. ಮರುವರ್ಷ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವೇ ಕಪ್ ಗೆದ್ದಿತು, ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷಕ್ಕೆ. ನಮ್ಮವರು ರಿಯಾದಿನಲ್ಲಿ ಎಷ್ಟು ಜನ ಇದ್ದಾರೆ, ನಿಮಗೇ ಗೊತ್ತು. ಆ ಪಂದ್ಯಕ್ಕೆ ಹೋದವರು ನಿಮ್ಮ ನೆಂಟರಲ್ಲೇ ಇರಬಹುದು. ಕತಾರಿನಿಂದ ಬಂದವರಲ್ಲಿ 2022ರ ವಿಶ್ವಕಪ್ ನೋಡಲು ಬಂದವರಿಗೆ ಕೊಟ್ಟ ಹಯ್ಯಾ ಕಾರ್ಡ್ ಇದೆಯಾ ಎಂದೂ ಕೇಳಿ. ಈ ಪಂದ್ಯಗಳ ಮರುದಿನದ ಕನ್ನಡ, ಮಲಯಾಳ ಪತ್ರಿಕೆಗಳ ಆಟದ ಪುಟ ಸಿಕ್ಕಿದರೆ ಅದನ್ನೂ ಇಡಿ, ಆದರೆ ಒಳ್ಳೆಯ ಕಾಗದದಲ್ಲಿ ನಕಲು ತೆಗೆದು. ಪತ್ರಿಕೆಯ ಕಾಗದ ತಾನೂ ಹಳದಿಯಾಗುತ್ತದೆ, ಪಕ್ಕದ್ದನ್ನೂ ಹಾಳು ಮಾಡುತ್ತದೆ.

ಹಾಗಾಗಿ ಆ 12,000ದಲ್ಲಿ ಲಕೋಟೆ, ಡಬ್ಬ, ಒಂದು ಸಾಧಾರಣ ಸ್ಕ್ಯಾನರ್ ತನ್ನಿ. ಉಳಿದ ದುಡ್ಡು ಈ ಸೀಸನ್ನಿನ ಗ್ಯಾಲರಿ ಟಿಕೆಟಿಗೆ ಇರಲಿ. ಹಳೆಯ ನೋಟಿಸು ಸಿಕ್ಕಿ ಇಸವಿ ಹೊಂದದಿದ್ದರೆ ಎರಡೂ ಬದಿಯ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.