ಒಂದೇ ಕೆಲಸದ ಎರಡು ಮಾತ್ರೆ, ಒಬ್ಬರಿಗೆ ಊತ, ಒಬ್ಬರಿಗೆ ಕೆಮ್ಮು

ಪ್ರಶ್ನೆ: ನನಗೆ 56 ವರ್ಷ. ಎರಡು ವರ್ಷಗಳಿಂದ ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದೇನೆ. ಒತ್ತಡ ಹತೋಟಿಯಲ್ಲಿದ್ದರೂ ಸಂಜೆಯ ಹೊತ್ತಿಗೆ ಎರಡೂ ಪಾದಗಳು ಊದಿಕೊಂಡು, ಕಾಲುಚೀಲ ಕಳಚಿದ ಮೇಲೂ ಅದರ ಅಂಚಿನ ಗುರುತು ಉಳಿದಿರುತ್ತದೆ. ನನ್ನ ಅಕ್ಕನಿಗೆ ರಾಮಿಪ್ರಿಲ್ ಕೊಟ್ಟಿದ್ದಾರೆ. ಅವರಿಗೆ ಊತವಿಲ್ಲ, ಆದರೆ ಒಣಕೆಮ್ಮು. ಎರಡೂ ರಕ್ತನಾಳವನ್ನು ಸಡಿಲಿಸುವ ಔಷಧಗಳೇ ಆಗಿದ್ದರೆ ತೊಂದರೆ ಬೇರೆ ಬೇರೆ ಏಕೆ?

ಉತ್ತರ: ಎರಡೂ ಮಾತ್ರೆಗಳು ನಾಳವನ್ನು ಸಡಿಲಿಸುವುದು ನಿಜ, ಆದರೆ ಹಿಡಿಯುವ ದಾರಿ ಬೇರೆ. ಸಣ್ಣ ಅಪಧಮನಿಗಳ ಗೋಡೆಯಲ್ಲಿ ನಮ್ಮ ಇಚ್ಛೆಗೆ ಒಳಪಡದ ಸ್ನಾಯುವಿನ ಪದರವೊಂದು ಉಂಗುರದಂತೆ ಸುತ್ತಿಕೊಂಡಿದ್ದು, ಅದು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿದರೆ ಹಿಗ್ಗುತ್ತದೆ. ಈ ಹಿಗ್ಗುವಿಕೆ ಅಲ್ಪವಾದರೂ ಸಾಕು: ನಾಳದ ಒಳ ಅಗಲ ಶೇಕಡಾ 10ರಷ್ಟು ಹೆಚ್ಚಿದರೆ ರಕ್ತದ ಹರಿವಿಗೆ ಅಲ್ಲಿರುವ ತಡೆ ಲೆಕ್ಕದ ಪ್ರಕಾರ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ.

ಸ್ನಾಯು ಬಿಗಿಯಬೇಕಾದರೆ ಅದರ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಬೇಕು. ಆಮ್ಲೋಡಿಪಿನ್ ಆ ಪ್ರವೇಶದ್ವಾರವನ್ನೇ ಮುಚ್ಚುತ್ತದೆ. (ಊಟದಲ್ಲಿನ ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧವಿಲ್ಲ, ಈ ಮಾತ್ರೆಗೆ ಹೆದರಿ ಹಾಲು ಬಿಡುವವರು ಇರುವುದರಿಂದ ಹೇಳಬೇಕಾಯಿತು.) ಆದರೆ ಈ ಔಷಧದ ಪ್ರಭಾವ ರಕ್ತವನ್ನು ಒಳತರುವ ಅಪಧಮನಿಗಳ ಮೇಲೆ ಹೆಚ್ಚು, ಹೊರಗೊಯ್ಯುವ ಅಭಿಧಮನಿಗಳ ಮೇಲೆ ಕಡಿಮೆ. ಬರುವ ದಾರಿ ಅಗಲವಾಗಿ ಹೋಗುವ ದಾರಿ ಇದ್ದಂತೆಯೇ ಇದ್ದರೆ ನಡುವಿನ ಲೋಮನಾಳಗಳಲ್ಲಿ ಒತ್ತಡ ಏರಿ, ದ್ರವ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ದಿನವಿಡೀ ನಿಂತು ಓಡಾಡಿದಾಗ ಅದು ಪಾದಗಳಿಗೆ ಇಳಿಯುವುದರಿಂದಲೇ ನಿಮ್ಮ ಊತ ಸಂಜೆ ಕಾಣಿಸುತ್ತದೆ. ದೇಹದಲ್ಲಿ ನೀರು ಹೆಚ್ಚಾಗಿ ಬಂದ ಊತ ಇದಲ್ಲವಾದ್ದರಿಂದ ಮೂತ್ರ ಹೆಚ್ಚಿಸುವ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ.

ರಾಮಿಪ್ರಿಲ್ ಸ್ನಾಯುವನ್ನು ನೇರವಾಗಿ ಮುಟ್ಟುವುದಿಲ್ಲ. 'ಬಿಗಿ' ಎಂಬ ಆಜ್ಞೆಯನ್ನು ಒಯ್ಯುವ ಆಂಜಿಯೋಟೆನ್ಸಿನ್-2 ಎಂಬ ರಾಸಾಯನಿಕವನ್ನು ತಯಾರಿಸುವ ಕಿಣ್ವವನ್ನು ಅದು ತಡೆಯುತ್ತದೆ. ಈ ಕಿಣ್ವಕ್ಕೆ ಇನ್ನೊಂದು ಕೆಲಸವೂ ಇದೆ: ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವುದು. ಕಿಣ್ವ ಸುಮ್ಮನಾದಾಗ ಬ್ರಾಡಿಕೈನಿನ್ ಉಳಿದುಕೊಂಡು, ನಾಳವನ್ನು ಇನ್ನಷ್ಟು ಹಿಗ್ಗಿಸುವುದರ ಜೊತೆಗೆ ಕೆಲವರ ಶ್ವಾಸನಾಳವನ್ನು ಕೆರಳಿಸುತ್ತದೆ. ಅಕ್ಕನ ಕೆಮ್ಮು ಹೀಗೆ ಬಂದಿರುವ ಸಾಧ್ಯತೆಯೇ ಹೆಚ್ಚು. ಲೊಸಾರ್ಟನ್, ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳು ಕಿಣ್ವವನ್ನು ಬಿಟ್ಟು, ಆಂಜಿಯೋಟೆನ್ಸಿನ್ ಬಂದು ಕೂರುವ ಜಾಗವನ್ನು ಮಾತ್ರ ಆಕ್ರಮಿಸುವುದರಿಂದ ಅವುಗಳಲ್ಲಿ ಈ ಕಾಟ ವಿರಳ. ಆದರೆ ರಾಮಿಪ್ರಿಲ್ ಸೇವಿಸುವವರ ತುಟಿ, ನಾಲಿಗೆ ಅಥವಾ ಮುಖ ಊದಿಕೊಂಡರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಊತದ ವಿಷಯವನ್ನು ವೈದ್ಯರಿಗೆ ತಿಳಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅಥವಾ ಉಸಿರು ಕಟ್ಟುತ್ತಿದ್ದರೆ ಕಾರಣ ಬೇರೆಯಿರಬಹುದು, ತಡಮಾಡಬಾರದು. ಆಮ್ಲೋಡಿಪಿನ್‌ನ ಪ್ರಮಾಣ ತಗ್ಗಿಸಿದರೆ ಸಾಮಾನ್ಯವಾಗಿ ಊತವೂ ತಗ್ಗುತ್ತದೆ. ಕೆಲವೊಮ್ಮೆ ವೈದ್ಯರು ಅದರ ಜೊತೆಗೆ ನಿಮ್ಮ ಅಕ್ಕನ ಗುಂಪಿನ ಔಷಧವನ್ನೇ ಸೇರಿಸುವುದುಂಟು. ಅದು ಅಭಿಧಮನಿಗಳನ್ನೂ ಹಿಗ್ಗಿಸಿ, ನಿಂತ ದ್ರವಕ್ಕೆ ಹೊರಹೋಗುವ ದಾರಿಯನ್ನು ತೆರೆದುಕೊಡುತ್ತದೆ.