ಪ್ಲೆಕ್ಸಿಗೆ ಗೇನ್ ಸ್ಟೇಜ್ ಸೇರಿಸಬೇಕೇ, ಇದ್ದ ಹಾಗೇ ಸಾಕೇ?

ನಿಮ್ಮದು ನಾಲ್ಕು ಇನ್‌ಪುಟ್‌ನ ಮಾರ್ಷಲ್ 1959, ಅಂದರೆ ಪ್ಲೆಕ್ಸಿ ಎಂದು ಕರೆಯುವ 100 ವ್ಯಾಟ್ ಟ್ಯೂಬ್ ಗಿಟಾರ್ ಆಂಪ್‌ನ ಹೆಡ್, ಸ್ಪೀಕರ್ ಬೇರೆ (1959 ಮಾದರಿಯ ಸಂಖ್ಯೆ, ಇಸವಿಯಲ್ಲ). ವಾಲ್ಯೂಮ್ 3ರಲ್ಲಿ ಕಿವಿಗೆ ಚುಚ್ಚುತ್ತದೆ, ಎಪ್ಪತ್ತರ ದಶಕದ ರಾಕ್ ಟೋನ್ ಬರುತ್ತಿಲ್ಲ, ಒಂದು ಗೇನ್ ಸ್ಟೇಜ್ (ಸಿಗ್ನಲ್ ಇನ್ನಷ್ಟು ಹಿಗ್ಗಿಸುವ ಹೆಚ್ಚುವರಿ ಟ್ಯೂಬ್ ಹಂತ) ಹಾಕಿಸಲೇ ಎಂದು ಕೇಳಿದ್ದೀರಿ. ಹಾಕಿಸಬೇಡಿ.

ಈ ಆಂಪ್‌ನಲ್ಲಿ ಮಾಸ್ಟರ್ ವಾಲ್ಯೂಮ್, ಅಂದರೆ ಒಡಕು ಉಳಿಸಿಕೊಂಡು ಒಟ್ಟು ಸದ್ದು ಮಾತ್ರ ಇಳಿಸುವ ನಾಬ್, ಇಲ್ಲ. ಆ ಟೋನ್‌ನ ಹೆಚ್ಚಿನ ಪಾಲು ಹುಟ್ಟುವುದು ಫೇಸ್ ಇನ್ವರ್ಟರ್ (ಪವರ್ ಟ್ಯೂಬ್‌ಗಳಿಗೆ ಸಿಗ್ನಲ್ ಹಂಚುವ ಹಂತ) ಮತ್ತು ಇಎಲ್34 ಪವರ್ ಟ್ಯೂಬ್‌ಗಳು ತುಂಬಿ ಒಡೆದಾಗ (ಡಿಸ್ಟಾರ್ಟ್ ಆದಾಗ). 3ರಲ್ಲಿ ಅವು ಇನ್ನೂ ನಿದ್ದೆಯಲ್ಲಿರುತ್ತವೆ. ಗೇನ್ ಸ್ಟೇಜ್ ಸೇರಿಸಿದರೆ ಸದ್ದು ಪ್ರೀಆಂಪ್‌ನಲ್ಲೇ, ಅಂದರೆ ಮೊದಲ ಹಂತಗಳಲ್ಲೇ, ಒಡೆಯುತ್ತದೆ. ಸಿಗುವುದು 1975ರ ನಂತರದ ಮಾರ್ಷಲ್ 2203ರ (ಮಾಸ್ಟರ್ ವಾಲ್ಯೂಮ್ ಇರುವ ಮಾದರಿ) ಬಿಗಿಯಾದ ಟೋನ್. ಗಿಟಾರಿನ ವಾಲ್ಯೂಮ್ ಇಳಿಸಿದಾಗ ಕ್ಲೀನ್ ಆಗುವ ಗುಣವೂ ಬಹುಪಾಲು ಹೋಗುತ್ತದೆ.

ಮೊದಲು ಬೆಸುಗೆ ಮುಟ್ಟದೆ ಮಾಡಬಹುದಾದದ್ದು. ಗಿಟಾರನ್ನು ಒಂದನೇ ಚಾನೆಲ್‌ನ ಮೇಲಿನ ಜ್ಯಾಕ್‌ಗೆ ಹಾಕಿ. ಅದೇ ಚಾನೆಲ್‌ನ ಕೆಳ ಜ್ಯಾಕ್‌ನಿಂದ ಎರಡನೇ ಚಾನೆಲ್‌ನ ಮೇಲಿನ ಜ್ಯಾಕ್‌ಗೆ ಗಿಡ್ಡ ಕೇಬಲ್ ಕೊಡಿ. ಬ್ರೈಟ್ (ಒಂದನೇ ಚಾನೆಲ್) ವಾಲ್ಯೂಮ್ 7, ನಾರ್ಮಲ್ (ಎರಡನೇ ಚಾನೆಲ್) 3 ಅಥವಾ 4, ಮಿಡ್ 7, ಟ್ರೆಬಲ್ 5, ಪ್ರೆಸೆನ್ಸ್ 3. ಬಾಸ್ 2 ಮೀರದಿರಲಿ: ನಾರ್ಮಲ್ ಚಾನೆಲ್ ಆಗಲೇ ಕೆಳಸ್ವರ ತುಂಬುತ್ತಿರುತ್ತದೆ, ಪವರ್ ಟ್ಯೂಬ್‌ಗಳು ಒಡೆದಾಗ ಅದು ಬರೀ ಗೊರಗೊರ ಆಗುತ್ತದೆ. ಸದ್ದು ಜಾಸ್ತಿಯಾದರೆ ಆಂಪ್ ಮತ್ತು ಕ್ಯಾಬಿನೆಟ್ ನಡುವೆ ಅದೇ ಇಂಪೀಡೆನ್ಸ್‌ನ, 100 ವ್ಯಾಟ್‌ಗಿಂತ ಸಾಕಷ್ಟು ಹೆಚ್ಚು ತಾಳುವ ಅಟೆನ್ಯುಯೇಟರ್ (ಆಂಪ್‌ನ ಶಕ್ತಿಯ ಒಂದು ಪಾಲು ಹೀರಿ ಸದ್ದು ತಗ್ಗಿಸುವ ಪೆಟ್ಟಿಗೆ) ಹಾಕಿ. ಅದಿಲ್ಲದೆ ಒಂದೇ ಕ್ಯಾಬಿನೆಟ್‌ನ ನಾಲ್ಕು 25 ವ್ಯಾಟ್ ಗ್ರೀನ್‌ಬ್ಯಾಕ್ ಸ್ಪೀಕರ್‌ಗಳಿಗೆ ಇಷ್ಟು ಏರಿಸಿದರೆ ಕಾಯಿಲ್ ಸುಡಬಹುದು. ಪೂರ್ತಿ ತಿರುಗಿಸಿದ 100 ವ್ಯಾಟ್ ಆಂಪ್ 100ಕ್ಕೆ ನಿಲ್ಲುವುದಿಲ್ಲ. ಸ್ಪೀಕರ್ ಜೋಡಿಸದೆ ಮಾತ್ರ ಆನ್ ಮಾಡಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಬಯಾಸ್, ಅಂದರೆ ಸಿಗ್ನಲ್ ಇಲ್ಲದಾಗಲೂ ಪವರ್ ಟ್ಯೂಬ್‌ಗಳಲ್ಲಿ ಹರಿಯುವ ಕರೆಂಟಿನ ಹೊಂದಿಕೆ, ನೋಡಿಸಿ. ಪ್ಲೇಟ್ ವೋಲ್ಟೇಜ್ 460 ಇದ್ದರೆ ಪ್ರತಿ ಇಎಲ್34ಗೆ 35 ಮಿಲಿಆಂಪ್ ಸುಮಾರು 16 ವ್ಯಾಟ್ ಆಗುತ್ತದೆ, ಅಂದರೆ 25 ವ್ಯಾಟ್ ಮಿತಿಯ ಶೇ. 64. ತೀರಾ ಕಡಿಮೆ ಇಟ್ಟ ಆಂಪ್ ಒಣಗಿದಂತೆ, ಕೊರೆಯುವಂತೆ ಕೇಳುತ್ತದೆ. ಎಷ್ಟೋ ಸಲ ಜನ ಮಾಡ್ (ಸರ್ಕ್ಯೂಟ್ ಬದಲಾವಣೆ) ಕಡೆ ಓಡುವುದು ಇದೊಂದೇ ಕಾರಣಕ್ಕೆ.

ಇನ್ನು ನಿಮ್ಮ ನಿಜವಾದ ದೂರು, ಆ ಚುಚ್ಚುವಿಕೆ. ಬ್ರೈಟ್ ವಾಲ್ಯೂಮ್ ಪಾಟ್ (ನಾಬ್ ಹಿಂದಿನ ರೆಸಿಸ್ಟರ್) ಮೇಲೆ ಕೂತಿರುವ ಸುಮಾರು 5000 ಪಿಕೋಫ್ಯಾರಡ್ ಕೆಪಾಸಿಟರ್ ಅದಕ್ಕೆ ಕಾರಣ. ನಾಬ್ ಕೆಳಗಿದ್ದಾಗ ಮೇಲ್ಸ್ವರಗಳು ಪಾಟನ್ನು ಬಳಸಿಕೊಂಡು ನೇರ ಒಳಗೆ ನುಗ್ಗುತ್ತವೆ. 8 ದಾಟಿದ ಮೇಲೆ ಅದರ ಪ್ರಭಾವ ಹೆಚ್ಚುಕಡಿಮೆ ಇರುವುದಿಲ್ಲ. ಅದರ ಒಂದು ಕಾಲು ಬಿಚ್ಚಿ ಕೇಳಿ. ತೀರಾ ಮಂಕಾದರೆ 100ರಿಂದ 500ರ ನಡುವಿನದು ಹಾಕಿ. ನನ್ನ ಮಟ್ಟಿಗೆ ಈ ಆಂಪ್‌ಗೆ ಬೇಕಾದ ಮಾಡ್ ಇದೊಂದೇ.

ಎರಡನೆಯದು ಬೇಕೆಂದರೆ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಸ್ವಲ್ಪ ಭಾಗವನ್ನು ಹಿಂದಕ್ಕೆ ಕಳಿಸಿ ಸದ್ದನ್ನು ಹಿಡಿತದಲ್ಲಿಡುವುದು) ರೆಸಿಸ್ಟರ್. 47 ಕಿಲೋಓಮ್ ಇದ್ದರೆ 100 ಮಾಡಿ. ಬೇಗ ಒಡೆಯುತ್ತದೆ, ಸ್ವಲ್ಪ ಸಡಿಲ, ಒರಟು. ಎರಡೂ ಹಿಂದಕ್ಕೆ ತರಬಹುದಾದ ಬದಲಾವಣೆಗಳು. ಆದರೆ ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 450 ವೋಲ್ಟ್ ಮೇಲ್ಪಟ್ಟು ಉಳಿದಿರಬಹುದು. 10 ಕಿಲೋಓಮ್, 10 ವ್ಯಾಟ್ ರೆಸಿಸ್ಟರಿನ ಮೂಲಕ ಒಂದೊಂದನ್ನೂ ಹತ್ತು ಸೆಕೆಂಡ್ ಬರಿದು ಮಾಡಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ಕೈಯಿಡಿ. ಇದು ಹೊಸತೆನಿಸಿದರೆ ಬಲ್ಲವರ ಕೈಗೆ ಕೊಡಿ.

ವೇರಿಯಾಕ್‌ನಿಂದ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಮೇನ್ಸ್ ಇಳಿಸುವ ಹುಚ್ಚಿಗೂ ಒಂದು ಮಾತು. 120 ವೋಲ್ಟನ್ನು 90ಕ್ಕೆ ಇಳಿಸಿದರೆ ಟ್ಯೂಬ್ ಹೀಟರ್ 6.3ರಿಂದ ಸುಮಾರು 4.7ಕ್ಕೆ ಬೀಳುತ್ತದೆ, ಬಯಾಸ್ ಕೂಡ ಸರಿಯುತ್ತದೆ. ಅಟೆನ್ಯುಯೇಟರ್ ಇರುವಾಗ ಆ ಗೋಜು ಯಾಕೆ.

ಇಷ್ಟೆಲ್ಲ ಆದ ಮೇಲೂ ಗೇನ್ ಸಾಲದಿದ್ದರೆ ಮುಂದೆ ಒಂದು ಓವರ್‌ಡ್ರೈವ್ ಪೆಡಲ್ ಇಡಿ, ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಅದೂ ಸಾಲದೆಂದರೆ ನಿಮ್ಮ ಕಿವಿಯಲ್ಲಿರುವುದು ಎಂಬತ್ತರ ದಶಕದ ಟೋನ್. ಅದಕ್ಕೆ 2203ರ 50 ವ್ಯಾಟ್ ತಮ್ಮನಾದ 2204 ಕೊಳ್ಳಿ, ಪ್ಲೆಕ್ಸಿಗೆ ತೂತು ಹೊಡೆಸಬೇಡಿ.